ಬೋಗೋಣಿ ಮತ್ತೆ ಖಾಲಿ

ಏಪ್ರಿಲ್ ತಿಂಗಳಲ್ಲಿ ಉಗಾರ ಖುರ್ದದ ನಾಯಿ ಎಷ್ಟು ನೀರು ಕುಡಿದರೂ ಯಾರೂ ಅನುಮಾನಪಡುವುದಿಲ್ಲ. ಕೃಷ್ಣೆಯ ದಂಡೆಯ ಊರಾದರೇನು, ಬಿಸಿಲು ಬಿಸಿಲೇ. ಆದರೆ ಎಷ್ಟೋ ಕಾಯಿಲೆ ಈ ಬಿಸಿಲಿನ ಹೆಸರಲ್ಲೇ ಮುಚ್ಚಿಹೋಗುತ್ತವೆ ಎಂಬುದು ನನ್ನ ಅಳಲು.

ನಮ್ಮ ಓಣಿಯ ಮಾವಶಿಯ ನಾಯಿ ರಾಣಿ ಬೋಗೋಣಿ ಬರಿದು ಮಾಡಿ, ಬಚ್ಚಲಿನ ಬಕೆಟ್ಟಿಗೂ ಬಾಯಿ ಹಾಕುತ್ತಿದ್ದಳು. ರಾತ್ರಿ ಪಡಸಾಲೆಯೆಲ್ಲ ಒದ್ದೆ. "ಬ್ಯಾಸಗಿ ಐತಿ, ಕುಡೀಲಿ ಬಿಡು" ಎಂದರು ಮಾವಶಿ. ರಾತ್ರಿ ನೀರಿಡುವುದೇ ಬೇಡ ಎಂದ ಮಗ. ಅದು ಮಾತ್ರ ಕೂಡದು. ವಿಪರೀತ ನೀರು ಕುಡಿಸುವ ಕಾಯಿಲೆಗಳಲ್ಲಿ ಬಹುಮಟ್ಟಿಗೆ ಮೂತ್ರದಲ್ಲಿ ನೀರು ಹೋಗುವುದರಿಂದಲೇ ನೀರಡಿಕೆ. ನೀರು ತಪ್ಪಿಸಿದರೆ ಪ್ರಾಣಿ ಒಣಗಿ ಇನ್ನಷ್ಟು ಹದಗೆಡುತ್ತದೆ.

"ಮಾವಶಿ, ಅಳದ ಹಾಕ್ರಿ, ಉಳದದ್ದು ಮುಂಜಾನೆ ಅಳೀರಿ" ಎಂದೆ. ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ 50–60 ಮಿಲಿಲೀಟರ್ ಸಾಮಾನ್ಯ. 100 ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಬೆಕ್ಕಿಗೆ 50 ದಾಟಿದರೇ ಸಾಕು. 18 ಕಿಲೋದ ರಾಣಿ ಎರಡು ಲೀಟರ್ ದಾಟಿಸಿದ್ದಳು. ಬೆದೆ ಮುಗಿದು ತಿಂಗಳಾಗಿತ್ತು, ಊಟ ಬಿಟ್ಟಿದ್ದಳು, ಹೊಟ್ಟೆ ಬಿಗಿದಿತ್ತು. ಗರ್ಭಕೋಶದಲ್ಲಿ ಕೀವು! ಅದೇ ದಿನ ಆಪರೇಷನ್ ಆಯಿತು, ಉಳಿದಳು. ಸಂತಾನಹರಣ ಆಗದ ಹೆಣ್ಣುನಾಯಿಗಳಿಗೆ ಬೆದೆಯ ನಂತರದ ವಾರಗಳಲ್ಲಿ ಈ ಗಂಡಾಂತರವಿದೆ.

ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ತುರಿಕೆಗೆ ಕೊಡುವ ಸ್ಟೀರಾಯ್ಡ್ ಗುಳಿಗೆ, ಇವೂ ನೀರಡಿಕೆ ಹೆಚ್ಚಿಸುತ್ತವೆ. ಗುಳಿಗೆಯ ಮೇಲೆ ಅನುಮಾನ ಬಂದರೂ ಕೇಳದೆ ನಿಲ್ಲಿಸಬಾರದು.

ನಮ್ಮ ಕಬ್ಬಿನ ಸೀಮೆಯಲ್ಲಿ ನನಗೆ ಹೆಚ್ಚು ಭಯ ಇಲಿಜ್ವರದ್ದು. ಇಲಿಯ ಮೂತ್ರ ಬೆರೆತ ಕೆಸರು, ನಿಂತ ನೀರು. ಕಬ್ಬಿನ ಗದ್ದೆ ಸುತ್ತಿ ಬಂದ ನಾಯಿಯ ಕಾಲಿನ ಗಾಯವೊಂದು ಸಾಕು. ಜ್ವರ, ವಾಂತಿ, ಕಣ್ಣು ಹಳದಿಯಾಗುವುದು, ಕಿಡ್ನಿ ಕೆಟ್ಟು ವಿಪರೀತ ನೀರಡಿಕೆ. ನಾಯಿಯ ಮೂತ್ರದಿಂದ ಮನೆಯವರಿಗೂ ತಗಲಬಹುದು, ಬರಿಗೈಲಿ ಒರೆಸಬೇಡಿ. ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆ ಇದೆ.

ದನದ ದವಾಖಾನೆಯಲ್ಲಿ ಎಮ್ಮೆ, ಆಕಳು ನಿಂತ ಸರದಿಯಲ್ಲಿ ನಾಯಿ ಹಿಡಿದು ನಿಂತವರನ್ನು "ನಾಯಿಗ್ಯಾಕ ದವಾಖಾನಿ?" ಎಂದು ಕೇಳುವವರಿದ್ದಾರೆ. ಕೇಳಲಿ. ನೀರಡಿಕೆಯ ಜೊತೆ ವಾಂತಿ, ಮಂಕು, ಊಟ ಬಿಡುವುದು ಕಂಡರೆ ನಾಳೆಗೆ ಮುಂದೂಡದೆ ಹೊರಡಿ. ನೀರಿನ ಲೆಕ್ಕ ಬರೆದ ಚೀಟಿ, ತಿನ್ನಿಸುತ್ತಿರುವ ಔಷಧಿಗಳು, ಸಿಕ್ಕರೆ ಚೊಕ್ಕ ಬಾಟಲಿಯಲ್ಲಿ ಮುಂಜಾನೆಯ ಮೊದಲ ಮೂತ್ರ ಜೊತೆಗಿರಲಿ. ಮೂತ್ರ ಹಿಡಿಯುವಾಗ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ.