ನಾಕನೇ ದಿನದ ಅಂಬಲಿ

ನಮ್ಮ ಕೊಹಿನೂರ ಕಡಿ ಎಳ್ಳಮಾಸಿ ಅಂದ್ರ ಎಲ್ಲಾರ ಬಾಯಾಗ ಭಜ್ಜಿದೇ ಮಾತು. ಹಸಿ ತೊಗರಿಕಾಳು, ಕಡ್ಲಿ, ಅವರಿ, ಮೆಂತ್ಯ, ಚುಕ್ಕಾ ಎಲ್ಲಾ ಕೂಡಿಸಿ ಕುದಿಸಿದ್ದನ್ನ ಹೊಗಳಿದ್ದೇ ಹೊಗಳಿದ್ದು. ಪಕ್ಕದಾಗ ಗಡಗಿ ತುಂಬ ಕುಂತಿರೋ ಅಂಬಲಿ ಬಗ್ಗೆ ಯಾರೂ ಬರಿಯಂಗಿಲ್ಲ. ಭಜ್ಜಿ ಒಂದು ಮುಂಜಾನಿ ಕೆಲಸ, ಅಂಬಲಿ ಮೂರು ದಿನ ಮೊದಲಿಂದ ಕಾಯಬೇಕು. ಅದಕ್ಕ ಅಂಬಲೀದೇ ಬರೀತೀನಿ.

ಈ ಮನಿಗಿ ಸೊಸಿಯಾಗಿ ಬಂದು 31 ವರ್ಷ. ಜೋಳ ಹಸನ ಮಾಡೂದು, ಬೀಸಿಕೊಂಡು ಬರೂದು, ಮಜ್ಜಿಗಿ ಕಡಿಯೂದು ನನ್ನ ಪಾಲಿಗಿ. ಹಿಟ್ಟು ಕಲಸೂದು, ರುಚಿ ನೋಡೂದು ಮಾತ್ರ ಅತ್ತಿಯವರದು. ಗಡಗಿ ಮುಚ್ಚಳ ತೆಗಿಯೂದು ಒಂದೇ ಕೈ ಇರಬೇಕು ಅಂತ ಅವರ ಹಟ. ನಾನೂ ಎಂದೂ ಕೈ ಹಾಕಲಿಲ್ಲ.

2024ರ ಮಳಿಗಾಲದಾಗ ಅವರಿಗಿ ಜ್ವರ ಬಂದು ಹೋತು. ಜ್ವರ ಹೋತು, ಬಾಯಿ ರುಚಿನೂ ಅದರ ಜೋಡಿ ಹೋತು. ಏನು ಕೊಟ್ರೂ ‘ಸಪ್ಪಗದ’. ಖಾರ ಹೆಚ್ಚು ಹಾಕಿದ್ರೂ ಸಪ್ಪಗ, ಉಪ್ಪಿನಕಾಯಿ ಇಟ್ರೂ ಸಪ್ಪಗ. ಎರಡು ತುತ್ತು ತಿಂದು ತಾಟು ಸರಿಸೋರು. ದವಾಖಾನ್ಯಾಗ ರಕ್ತ ತೆಗೆದು ನೋಡಿ ಎಲ್ಲಾ ಬರೋಬರಿ ಅದ ಅಂದ್ರು. ಆದ್ರ ಕೈಯಾಗಿನ ಬಳಿ ಮೊಣಕೈ ತನಕ ಜಾರ್ತಿದ್ದವು, ಅದನ್ನ ನೋಡ್ಲಿಕ್ಕಿ ಆಗ್ತಿದ್ದಿಲ್ಲ.

ಆ ವರ್ಷ ಅಮಾಸಿ ಡಿಸೆಂಬರ್ 30, ಸೋಮವಾರ ಬಂದಿತ್ತು. ‘ನನ್ನ ನಾಲಿಗಿ ಈಗ ಕಟ್ಟಿಗಿ ಆಗ್ಯದ, ಈ ಸಲ ನೀನೇ ಹಾಕು’ ಅಂದ್ರು. ಹೊಲಕ್ಕ ಬರೋರು 22 ಮಂದಿ. ನಮ್ಮ ಹೊಲದಾಗ ಈಗ ಬರೀ ಸೋಯಾ, ತೊಗರಿ. ಅಂಬಲಿಗಿ ಜೋಳ ಸುದ್ದಾ ಕೊಂಡು ತರಬೇಕು.

ಶುಕ್ರವಾರ ರಾತ್ರಿ ಹಿಟ್ಟು ಹುಳಿ ಮಜ್ಜಿಗ್ಯಾಗ ಕಲಸಿಟ್ಟೆ. ನಮ್ಮ ಕಡಿ ಡಿಸೆಂಬರ್ ಥಂಡಿ ನಿಮಗ ಗೊತ್ತೇ ಅದ, ಹಿಟ್ಟಿಗೂ ಕೌದಿ ಬೇಕಾಗ್ತದ. ಗಡಗಿಗಿ ಕೌದಿ ಸುತ್ತಿ ಒಲಿ ಮಗ್ಗಲಿಗಿ ಇಟ್ಟೆ. ಶನಿವಾರ ಮುಂಜಾನಿ ಬಟ್ಟು ಅದ್ದಿ ನೋಡಿದ್ರ ಹಸಿ ಹಿಟ್ಟಿನ ರುಚಿ ಬಿಟ್ಟು ಏನಿಲ್ಲ. ಸಂಜಿಗಿ ನಾಲಿಗಿ ತುದಿಗಿ ಜರಾ ಚುರುಕ್ ಅಂತು. ರವಿವಾರ ಮುಂಜಾನಿ ಮ್ಯಾಲೆಲ್ಲಾ ಸಣ್ಣ ಸಣ್ಣ ತೂತು, ಕಿವಿ ಹಚ್ಚಿದ್ರ ಸುಂಯ್ ಅನ್ನೋ ಸಪ್ಪಳ. ಹುಮನಾಬಾದದಿಂದ ಬಂದ ನೆಗೆಣ್ಣಿ ‘ಬಂದದ, ಕುದಸು’ ಅಂದಳು. ನಾ ಮಧ್ಯಾಹ್ನ ತನಕ ತಡದೆ. ಕುದಿಸಿದ ಮ್ಯಾಲ ಆ ಹುಳಿ ಅಲ್ಲಿಗೇ ನಿಲ್ತದ, ಅದು ತಾನಾಗಿ ಏರಂಗಿಲ್ಲ. ಆಕಿ ಮಾರಿ ಸಣ್ಣದು ಮಾಡಿದಳು, ಮಾಡ್ಲಿ.

ಉಪ್ಪು ಹಾಕಿ ಕುದ್ದ ನೀರಿಗಿ ಹಿಟ್ಟು ಸುರುವಿ, ಗಂಟು ಆಗದಂಗ ತಿರುವಿ ಬೇಯಿಸಿದೆ. ಪೂರಾ ಆರಿದ ಮ್ಯಾಲ ಮಜ್ಜಿಗಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಗಿ ಜಜ್ಜಿದ್ದು, ಕೊತಂಬರಿ. ಆರಿದ ಮ್ಯಾಲ ಹಾಕಿದ ಮಜ್ಜಿಗಿಯಿಂದ ಹುಳಿ ಮತ್ತ ಸುರು ಆಗ್ತದ. ರಾತ್ರಿ ಒಂದು ಬಟ್ಟಲ ಕುಡದು ನೋಡಿದೆ. ಬಳ್ಳೊಳ್ಳಿ ಒಂದು ಕಡಿ, ಉಪ್ಪು ಒಂದು ಕಡಿ, ಹುಳಿ ಒಂದು ಕಡಿ, ಬೀಗರ ಮನ್ಯಾಗ ಹೊಸಾ ಮಂದಿ ಕುಂತಂಗ. ನಿದ್ದಿ ಸರಿ ಬರಲಿಲ್ಲ.

ಸೋಮವಾರ ಹೊಲದಾಗ ಕಣಕಿ ಕೊಪ್ಪಿ ಕಟ್ಟಿ, ಐದು ಕಲ್ಲಿಗಿ ಸುಣ್ಣ ಹಚ್ಚಿ ಪಾಂಡವರನ್ನ ಕುಂದರಿಸಿ ಪೂಜಿ ಆಯ್ತು, ಚರಗ ಚೆಲ್ಲಿ ಬಂದ್ರು. ಗಡಗಿ ಮುಚ್ಚಳ ತೆಗೆದು ಮೊದಲ ಗುಟುಕು ನಾನೇ ತೊಗೊಂಡೆ. ರಾತ್ರಿ ಬ್ಯಾರೆ ಬ್ಯಾರೆ ಇದ್ದದ್ದೆಲ್ಲಾ ಒಂದಾಗಿತ್ತು, ತಂಪಾಗಿ ಗಂಟಲದಾಗ ಇಳೀತು. ಪುಣೇದಾಗ ನೌಕರಿ ಮಾಡೋ ಮೈದುನನ ಮಗ ಮೂರು ಗಿಲಾಸ ಕುಡದು, ‘ಕಾಕು, ಇದು ಬೀರ್ ಆಗ್ಯದ’ ಅಂದ. ಅತ್ತಿ ಅವನ ಕಡಿ ನೋಡಿದ ನೋಟಕ್ಕ ನಾಕನೇ ಗಿಲಾಸ ಕೆಳಗಿಟ್ಟ. ಆಮ್ಯಾಲ ಅವನೇ ತಿಳಿಸಿ ಹೇಳಿದ: ದಕ್ಷಿಣ ಆಫ್ರಿಕಾದಾಗ ಇದೇ ಜೋಳಕ್ಕ ಮೊಳಕಿ ಬರಿಸಿ, ಒಣಗಿಸಿ ಬೀಸಿ, ಮೆಕ್ಕೆಜೋಳದ ಜೋಡಿ ಕುದಿಸಿ ಉಮ್ಕೊಂಬೋಟಿ ಅಂತ ಮನಿ ಬೀರು ಮಾಡ್ತಾರಂತ, ಅಲ್ಲೂ ಹೆಂಗಸರೇ. ಮೊಳಕಿ ಬಂದ್ರ ಹಿಟ್ಟು ಸಕ್ಕರಿ ಆಗ್ತದ, ಸಕ್ಕರಿ ನಿಶಾ ಆಗ್ತದ. ನಮ್ಮದು ಮೊಳಕಿ ಇಲ್ಲದ ಹಿಟ್ಟು, ಮಜ್ಜಿಗಿ ಹೆಪ್ಪಿನಿಂದ ಹುಳಿ ಆಗ್ತದ, ಅಷ್ಟೇ. ಮಕ್ಕಳಿಗಿ ಕೊಡ್ಲಿಕ್ಕಿ ಅಂಜಬ್ಯಾಡ್ರಿ.

ಎಲ್ಲಾರೂ ಚೊಲೋ ಅಂದ್ರು. ಅತ್ತಿ ಅರ್ಧಾ ಬಟ್ಟಲ ಕುಡದು ‘ಸಪ್ಪಗದ’ ಅಂತ ಇಟ್ಟುಬಿಟ್ರು. ನಾ ಏನೂ ಅನಲಿಲ್ಲ, ಬಟ್ಟಲ ತೊಳದಿಟ್ಟೆ.

ಉಳಿದದ್ದು ಎರಡು ತಂಬಿಗಿ. ಮಂಗಳವಾರ ಹುಳಿ ಏರಿತ್ತು, ರೊಟ್ಟಿ ಜೋಡಿ ನಡೀತು. ಬುಧವಾರ, ಹೊಸಾ ವರ್ಷದ ದಿನ, ಕುದಿಸಿ ನಾಕನೇ ದಿನ. ನಮ್ಮ ಮನಿಯವರು ಒಂದು ಗುಟುಕಿಗಿ ‘ಹಲ್ಲು ಜುಮ್ ಅಂದವು’ ಅಂತ ಎದ್ದು ಹ್ವಾದ್ರು. ಎಮ್ಮಿ ಕಲಗಚ್ಚಿಗಿ ಹಾಕ್ಲಿಕ್ಕಿ ಒಯ್ತಿದ್ದೆ. ಅತ್ತಿ ಪಡಸಾಲ್ಯಾಗಿಂದ ‘ಏನದು, ಇಲ್ಲಿ ತಾ’ ಅಂದ್ರು. ಕೊಟ್ಟೆ. ಒಂದು ಕಣ್ಣು ಮುಚ್ಚಿ, ಮಾರಿ ಕಿವಚಿ ನುಂಗಿದ್ರು.

‘ಹುಳಿ ಆಗ್ಯದಲ್ಲ ಬೇ!’

ಐದು ತಿಂಗಳಾದ ಮ್ಯಾಲ ಸಪ್ಪಗ ಬಿಟ್ಟು ಬ್ಯಾರೆ ಮಾತು ಅದೊಂದೇ. ಬಟ್ಟಲ ಖಾಲಿ ಮಾಡಿ, ಅದರಾಗೇ ಮುರಕೊಂಡು ತಿಂತೀನಿ, ಒಂದು ರೊಟ್ಟಿ ತಾ ಅಂದ್ರು. ಒಂದು ಪೂರಾ ರೊಟ್ಟಿ. ನಾ ಒಳಗ ಹೋಗಿ ಸುಮ್ನ ಒಲಿ ಮುಂದ ಜರಾ ಹೊತ್ತು ಕುಂತೆ.

ಅಂದಿನಿಂದ ಮನ್ಯಾಗ ಎರಡು ಸಣ್ಣ ಗಡಗಿ ನಡೀತಾವ, ನಮಗ ಎರಡನೇ ದಿನದ್ದು, ಅವರಿಗಿ ನಾಕನೇ ದಿನದ್ದು. ಅಳತಿ ಕೇಳಿದವರಿಗಿ: ಒಂದು ಬಟ್ಟಲ ಹಿಟ್ಟಿಗಿ ಎರಡು ಬಟ್ಟಲ ಹುಳಿ ಮಜ್ಜಿಗಿ, ಕುದಿಸ್ಲಿಕ್ಕಿ ಐದು ಬಟ್ಟಲ ನೀರು. ಮ್ಯಾಲ ಬೂಸರ ಕಂಡ್ರ ರುಚಿ ನೋಡ್ಲಿಕ್ಕಿ ಹೋಗದೆ ಚೆಲ್ಲಿಬಿಡ್ರಿ. ಬ್ಯಾಸಿಗ್ಯಾಗ ನಾಕನೇ ದಿನ ತನಕ ಕಾಯಬ್ಯಾಡ್ರಿ, ಮರುದಿನಾನೇ ಆ ಹುಳಿ ಬಂದುಬಿಡ್ತದ.