ಅರಮನೆಯೊಳಗಿನ ಕಬ್ಬಿಣದ ಕಂಬಗಳು

ಡಿಸೆಂಬರ್ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಮೈಸೂರಿನ ದಾರಿ ಹಿಡಿಯುತ್ತವೆ. ಕೂಲಿ ದುಡ್ಡಿನಲ್ಲಿ ಉಳಿಸಿ ಮಗನನ್ನು ಕಳಿಸಿದ ತಾಯಿ "ಏನು ನೋಡ್ಕೊಂಡು ಬಂದಿ?" ಎಂದರೆ ಉತ್ತರ ಒಂದೇ: "ಅರಮನೆ ಲೈಟು." ದೀಪಗಳು ಚೆಂದವೇ, ಇರಲಿ. ವಿಜ್ಞಾನ ಓದುವ ಹುಡುಗರು ನೋಡಬೇಕಾದದ್ದು ಮಾತ್ರ ಒಳಗಿದೆ.

ಹಳೆಯ ಅರಮನೆ ಮರದ್ದು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ತುತ್ತಾಯಿತು. ಆಗ ಆಡಳಿತ ನೋಡುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿದರು. ಅದು ಮುಗಿದದ್ದು 1912ರಲ್ಲಿ. ತಗುಲಿದ ವೆಚ್ಚ 41,47,913 ರೂಪಾಯಿ. ಮುಖ್ಯ ಗೋಪುರದ ಎತ್ತರ 145 ಅಡಿ. ಸುಮಾರು 60 ಅಡಿಯ ಕೊಟ್ಟೂರೇಶ್ವರನ ತೇರನ್ನು ಒಂದರ ಮೇಲೊಂದು ಎರಡು ನಿಲ್ಲಿಸಿದರೂ ಅದರ ತುದಿ ಮುಟ್ಟದು.

ಮರುವರ್ಷವೇ, 1913ರಲ್ಲಿ, ನ್ಯೂಯಾರ್ಕಿನಲ್ಲಿ ವೂಲ್‌ವರ್ತ್ ಕಟ್ಟಡ ತೆರೆಯಿತು. ಎತ್ತರ 792 ಅಡಿ! ಒಂದೇ ಕಾಲದ ಎರಡು ಕಟ್ಟಡಗಳ ನಡುವೆ ಇಷ್ಟು ಅಂತರವೇಕೆ? ಹಣ ಮಾತ್ರ ಕಾರಣವಲ್ಲ. ಗೋಡೆಯೇ ಭಾರ ಹೊರುವುದಾದರೆ, ಎತ್ತರ ಏರಿದಂತೆ ಬುಡ ದಪ್ಪವಾಗಬೇಕು. ಷಿಕಾಗೋ ನಗರದಲ್ಲಿ 1891ರಲ್ಲಿ ಇಟ್ಟಿಗೆ ಗೋಡೆಯ ಮೇಲೆ 16 ಅಂತಸ್ತು ಏರಿಸಿದಾಗ ಬುಡದ ಗೋಡೆ 6 ಅಡಿ ದಪ್ಪವಾಯಿತು. ಅಂಗಡಿ ಇಡಲು ಜಾಗ ಉಳಿಯುವುದೆಲ್ಲಿ? ಆದರೆ ಅದೇ ಊರಿನ 10 ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡ 1885ರಲ್ಲೇ ಇನ್ನೊಂದು ದಾರಿ ತೋರಿಸಿತ್ತು: ಭಾರವನ್ನು ಕಬ್ಬಿಣ, ಉಕ್ಕಿನ ಚೌಕಟ್ಟು ಹೊರಲಿ, ಗೋಡೆ ಬರೀ ಹೊದಿಕೆಯಾಗಲಿ. ಆ ಊರಿಗೂ ಬೆಂಕಿಯೇ ಗುರು. 1871ರಲ್ಲಿ ಮರದ ಷಿಕಾಗೋ ಉರಿದುಹೋಗಿತ್ತು.

ಮೈಸೂರು ಕಲ್ಲನ್ನು ನಂಬಿಕೊಂಡೇ ಕಬ್ಬಿಣಕ್ಕೂ ಕೈಚಾಚಿತು. ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ ಬಣ್ಣದ ಗಾಜಿನ ನವಿಲುಗಳ ಕೆಳಗೆ ನಿಂತಿರುವ ಕಂಬಗಳು ಬೀಡು ಕಬ್ಬಿಣದವು. ಸ್ಕಾಟ್‌ಲೆಂಡಿನ ಗ್ಲಾಸ್ಗೊದಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದವು. ಬೀಡು ಕಬ್ಬಿಣ ಅದುಮುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಬಾಗಿಸಿದರೆ ಮುರಿಯುತ್ತದೆ. ಗಾಳಿಗೆ ಬಳುಕಬೇಕಾದ ಗಗನಚುಂಬಿಗಳು ಉಕ್ಕಿಗೆ ಹೊರಳಿದ್ದು ಅದಕ್ಕೇ.

ದೀಪ ಹತ್ತುವ ಹೊತ್ತಿಗೆ ಅಂಗಳ ಸೇರುವ ಆತುರದಲ್ಲಿ ಬಹಳಷ್ಟು ತಂಡಗಳು ಈ ಮಂಟಪವನ್ನು ಎರಡು ನಿಮಿಷದಲ್ಲಿ ದಾಟುತ್ತವೆ. ಅಲ್ಲಿ ಹತ್ತು ನಿಮಿಷ ನಿಲ್ಲಿಸಿ, ಅಷ್ಟು ಎತ್ತರದ ಕಂಬ ಎಷ್ಟು ಸಪೂರ, ಹೊರಗಿನ ಕಲ್ಲುಗೋಡೆ ಎಷ್ಟು ದಪ್ಪ ಎಂದು ಮಕ್ಕಳನ್ನೇ ಕೇಳಬಹುದು.