ಓರೆಯಾಗುವ ನೊಗ

ನಮ್ಮ ಮನೆ ಪಾಲಾದಾಗ ಇದ್ದ ಒಂದು ಜೊತೆ ಎತ್ತೂ ಪಾಲಾದವು. ಎಡಗೋಲಿನದು ಅಪ್ಪನಿಗೆ, ಬಲಗೋಲಿನದು ಚಿಕ್ಕಪ್ಪನಿಗೆ. ಒಂಟಿ ಎತ್ತು ಕಟ್ಟಿಕೊಂಡು ರಾಗಿ ಹೊಲ ಉಳುವುದು ಹೇಗೆ? ಹಾಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೂ ಮುಂಗಾರಿಗೆ ಎರಡೂ ಎತ್ತು ಒಂದೇ ನೊಗಕ್ಕೆ ಬರುತ್ತಿದ್ದವು. ಅವನ್ನು ಆ ಮನೆಯಿಂದ ಈ ಮನೆಗೆ ಹೊಡೆದುಕೊಂಡು ಬರುವ ಕೆಲಸ ನನ್ನದು.

ಮಧುರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಊರು. ಬೆಂಗಳೂರಿನವರಿಗೆ ಶನಿಮಹಾತ್ಮನ ದೇವಸ್ಥಾನದಿಂದ ಗೊತ್ತು. ಶನಿವಾರ ಬಂದರೆ ರಸ್ತೆ ತುಂಬ ಅವರ ಕಾರುಗಳೇ. ನಾನು ಚಿಕ್ಕವನಿದ್ದಾಗ ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಬತ್ತಿದವು. ಬಾವಿ ದಡದಲ್ಲಿದ್ದ ಎರಡು ಡೀಸೆಲ್ ಎಂಜಿನ್ನುಗಳು ಕೊಟ್ಟಿಗೆ ಸೇರಿದವು. ಐದೈದು ಎಚ್.ಪಿ.ಯವು. ಅವೂ ಒಬ್ಬೊಬ್ಬರಿಗೆ ಒಂದೊಂದು.

ಚಿಕ್ಕಪ್ಪನಿಗೆ ರಿಪೇರಿಯ ಹುಚ್ಚು. ಗುಜರಿಯಿಂದ ಹಳೇ ಜೀಪಿನ ಹಿಂದಿನ ಆಕ್ಸಲ್ಲು ತಂದು, ಎರಡೂ ಎಂಜಿನ್ ಕೂರಿಸಿ ಹತ್ತು ಎಚ್.ಪಿ.ಯ ಗಾಡಿ ಮಾಡುತ್ತೇನೆ ಎಂದ. ತನ್ನ ಎಂಜಿನ್ನು ಕೊಡಲು ಅಪ್ಪ ಒಪ್ಪಿದ್ದೇ ದೊಡ್ಡ ಸುದ್ದಿ. ಪಾಲಾದ ಮೇಲೆ ಅಪ್ಪ ತಾನಾಗಿ ಕೊಟ್ಟ ಮೊದಲ ವಸ್ತು ಅದು. ಎರಡೂ ಎಂಜಿನ್ನಿನಿಂದ ಒಂದೇ ಶಾಫ್ಟಿಗೆ ಬೆಲ್ಟು ಬಂತು. ಹ್ಯಾಂಡಲ್ ಹಾಕಿ ತಿರುಗಿಸಿದರು. ಗಾಡಿ ಹೊರಟಿತು, ಕೆರೆ ಏರಿಯ ತನಕ ಹೋಯಿತು. ಹಿಂದೆ ನಾವು ಹುಡುಗರ ದಂಡು. ಏರಿ ಹತ್ತುವಾಗ ಒಂದು ಬೆಲ್ಟು ಸುಟ್ಟ ವಾಸನೆ. ಸ್ವಲ್ಪ ಹೊತ್ತಿಗೆ ಅಪ್ಪನ ಎಂಜಿನ್ನು ಕಾದು ಸೀಜ್ ಆಗಿ ನಿಂತಿತು. ಚಿಕ್ಕಪ್ಪನದು ತಣ್ಣಗೆ ಟುಕುಟುಕು ಅನ್ನುತ್ತಲೇ ಇತ್ತು.

"ನನ್ನದನ್ನೇ ದುಡಿಸಿ ನಿನ್ನದನ್ನು ಕಾಪಾಡ್ಕೊಂಡೆ" ಎಂದ ಅಪ್ಪ. ಆ ಮಾತು ಎರಡು ವರ್ಷ ಉಳಿಯಿತು. ಮುಂದಿನ ಮುಂಗಾರಿಗೆ ಎತ್ತೂ ಬರಲಿಲ್ಲ. ಅಪ್ಪ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳಿಸಿದ.

ಅವತ್ತು ಏರಿಯ ಮೇಲೆ ತಾತನೂ ಇದ್ದ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಎಡಗೋಲಿಂದು ಒಂದ್ ಹೆಜ್ಜೆ ಮುಂದಕ್ಕೆ ಹೋದ್ರೆ ನೊಗ ಓರೆ ಆಯ್ತದೆ ಕಣ್ಲಾ. ನಿನ್ ಗಾಡೀಲಿ ಓರೆ ಆಗಕ್ಕೆ ಏನೈತೆ?" ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ನಕ್ಕಿದ್ದೆ.

ಆ ಪ್ರಶ್ನೆ ಎಷ್ಟು ಸರಿಯಾಗಿತ್ತೆಂದು ತಿಳಿದದ್ದು ಮೆಕ್ಯಾನಿಕಲ್ ಓದುವಾಗ. ಪಂಪಿನ ಎಂಜಿನ್ನಿಗೆ ಗವರ್ನರ್ ಇರುತ್ತದೆ, ವೇಗ ಒಂದೇ ಮಟ್ಟದಲ್ಲಿ ನಿಲ್ಲುವಂತೆ ಅದು ಡೀಸೆಲ್ ಹೆಚ್ಚುಕಡಿಮೆ ಮಾಡುತ್ತದೆ. ಎರಡು ಎಂಜಿನ್ನನ್ನು ಒಂದೇ ಶಾಫ್ಟಿಗೆ ಬಿಗಿದಾಗ ಯಾವುದರ ಗವರ್ನರ್ ಕೂದಲೆಳೆಯಷ್ಟು ಮೇಲಿದೆಯೋ ಅದು ಭಾರವನ್ನೆಲ್ಲ ಹೊರುತ್ತದೆ. ಇನ್ನೊಂದಕ್ಕೆ ವೇಗ ಸಾಕಷ್ಟಿದೆ ಎನಿಸಿ ಅದು ಕೈಕಟ್ಟಿ ಕೂರುತ್ತದೆ, ಕೆಲವೊಮ್ಮೆ ಬ್ರೇಕಿನಂತೆ ಹಿಂದಕ್ಕೂ ಎಳೆಯುತ್ತದೆ. ಐದಕ್ಕೆ ಐದು ಕೂಡಿದರೆ ಹತ್ತಾಗಲಿಲ್ಲ. ಇದರಲ್ಲಿ ಚಿಕ್ಕಪ್ಪನ ಮೋಸವೇನೂ ಇರಲಿಲ್ಲ.

ಫ್ರಾನ್ಸಿನ ಸಿಟ್ರನ್ ಕಂಪನಿ 1960ರಲ್ಲಿ ಮರುಭೂಮಿಗೆಂದು ಮಾಡಿದ 2ಸಿವಿ ಸಹಾರಾ ಕಾರಿನಲ್ಲಿ ಮುಂದೊಂದು ಎಂಜಿನ್, ಹಿಂದೊಂದು. ಮುಂದಿನದು ಮುಂದಿನ ಚಕ್ರಕ್ಕೆ, ಹಿಂದಿನದು ಹಿಂದಿನ ಚಕ್ರಕ್ಕೆ. ಎರಡರ ನಡುವೆ ಶಾಫ್ಟೇ ಇಲ್ಲ, ಅವನ್ನು ಕೂಡಿಸಿದ್ದು ನೆಲ. ಜಾಣತನವೇ, ಆದರೆ ತಾತನ ಪ್ರಶ್ನೆಗೆ ಅದು ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ.

ಉತ್ತರ ಸಿಕ್ಕಿದ್ದು 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್‌ನಲ್ಲಿ. ಪೆಟ್ರೋಲ್ ಎಂಜಿನ್ನನ್ನೂ ವಿದ್ಯುತ್ ಮೋಟಾರನ್ನೂ ಕೂಡಿಸಲು ಅದರಲ್ಲಿ ಒಂದು ಗ್ರಹಗಿಯರ್ ಇದೆ. ನಡುವೆ 30 ಹಲ್ಲಿನ ಚಿಕ್ಕ ಗಾಲಿ, ಸುತ್ತ 78 ಹಲ್ಲಿನ ಬಳೆ, ಎರಡರ ಮಧ್ಯೆ ಉರುಳುವ ಪುಟ್ಟ ಗಾಲಿಗಳು. ಎಂಜಿನ್ನು ತಿರುಗಿಸುವುದು ಈ ಪುಟ್ಟ ಗಾಲಿಗಳ ಚೌಕಟ್ಟನ್ನು. ಅದರ ಬಲದಲ್ಲಿ ನೂರಕ್ಕೆ 72 ಪಾಲು ಬಳೆಯ ಮೂಲಕ ಚಕ್ರದ ಕಡೆಗೆ, 28 ಪಾಲು ನಡುವಿನ ಗಾಲಿಯ ಮೂಲಕ ಜನರೇಟರಿಗೆ. ಮೋಟಾರೂ ಅದೇ ಬಳೆಗೆ ಕೈಗೂಡಿಸುತ್ತದೆ. ಯಾವುದು ಎಷ್ಟು ವೇಗವಾಗಿ ತಿರುಗಿದರೂ ಬಲದ ಆ ಪಾಲು ಬದಲಾಗುವುದಿಲ್ಲ, ಅಷ್ಟರಮಟ್ಟಿಗೆ ಗಿಯರು ಓರೆಯಾಗುತ್ತದೆ. ಬಲಗೋಲಿನ ಎತ್ತು ಸೊರಗಿದ್ದ ವರ್ಷ ತಾತ ನೊಗದ ಮಿಣಿಯನ್ನು ನಡುವಿನಿಂದ ನಾಲ್ಕು ಬೆರಳು ಎಡಕ್ಕೆ ಸರಿಸಿ ಕಟ್ಟುತ್ತಿದ್ದ. ಸೊರಗಿದ್ದಕ್ಕೆ ಉದ್ದನೆ ಕಡೆ, ಕಡಿಮೆ ಭಾರ. ಕಾಲೇಜಿನಲ್ಲಿ ಗ್ರಹಗಿಯರಿನ ಚಿತ್ರ ನೋಡುತ್ತ ನನಗೆ ಆ ಮಿಣಿ ಕಂಡಿತು. ತಾತ ಅಷ್ಟರಲ್ಲಿ ಹೋಗಿಯಾಗಿತ್ತು.

ಅಪ್ಪನಿಗೆ ಗವರ್ನರ್ ವಿಷಯ ಬಿಡಿಸಿ ಹೇಳಿದೆ. ಸುಮ್ಮನೆ ಕೇಳಿ, "ಅಂಗಾರೆ ಅವನ ತಪ್ಪೇನಿಲ್ಲ ಅನ್ನು" ಎಂದ. ಚಿಕ್ಕಪ್ಪನ ಮನೆಗೆ ಹೋಗಿ ಹೇಳಿದನೇ ಎಂದರೆ, ಇಲ್ಲ.

ಚಿಕ್ಕಪ್ಪನ ಮಗ ಈಗ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾನೆ. ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್, ಹೈಬ್ರಿಡ್. ಕಳೆದ ಸಲ ಘಾಟಿ ದನದ ಜಾತ್ರೆಗೆ ಇಬ್ಬರು ಮುದುಕರನ್ನೂ ಅದರಲ್ಲೇ ಕೂರಿಸಿಕೊಂಡು ಹೊರಟೆವು. ಅಪ್ಪ ಮುಂದೆ, ಚಿಕ್ಕಪ್ಪ ಹಿಂದೆ. ಶನಿವಾರದ ನೂಕುನುಗ್ಗಲಿನಲ್ಲಿ ಕಾರು ತೆವಳುತ್ತಿದ್ದಾಗ ಎಂಜಿನ್ನಿನ ಸದ್ದು ನಿಂತಿತು, ಕಾರು ಮಾತ್ರ ಸಾಗುತ್ತಲೇ ಇತ್ತು.

"ಎಂಜಿನ್ ಆಫ್ ಆಯ್ತಲ್ಲೋ" ಎಂದು ಚಿಕ್ಕಪ್ಪ ಮುಂದಕ್ಕೆ ಬಾಗಿದ.

ಅಪ್ಪ ಪರದೆಯ ಮೇಲಿನ ಬಾಣದ ಗುರುತುಗಳನ್ನೇ ನೋಡುತ್ತಿದ್ದ. "ಈಗ ಇನ್ನೊಂದರ ಪಾಳಿ" ಎಂದ, ಹಿಂದಕ್ಕೆ ತಿರುಗದೆ.

"ಬೆಲ್ಟು ಎಲ್ಲೈತೆ?"

"ಬೆಲ್ಟಿಲ್ವಂತೆ."

ಚಿಕ್ಕಪ್ಪ ಘಾಟಿ ಬರುವವರೆಗೂ ಸೀಟಿನ ಅಂಚಿಗೇ ಕೂತಿದ್ದ. ಇಳಿದವನೇ ಮಗನಿಗೆ ಬಾನೆಟ್ ಎತ್ತಲು ಹೇಳಿದ.